ಖಾಸಿಂ ಸಾಬರು ಓದಿದ ಅಜ್ಜಿ

ಖಾಸಿಂ ಸಾಬರ ದನಿ ಕೇಳದವರು ಮಂಡ್ಯದ ಸುತ್ತಮುತ್ತ ಯಾರೂ ಇರಲಿಕ್ಕಿಲ್ಲ. ಮುಖ ನೋಡಿದವರು ಅದರಲ್ಲಿ ಕಾಲುಭಾಗ ಇದ್ದಾರೋ ಇಲ್ಲವೋ. ಆಟೊ ತಲೆಯ ಮೇಲೆ ಎರಡು ಲೌಡ್‌ಸ್ಪೀಕರ್ ಹಾರನ್ನು ಕಟ್ಟಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಮೈಕು ಹಿಡಿದು, ಕೊತ್ತತ್ತಿ, ಹನಕೆರೆ, ಕೊಪ್ಪದ ಬೀದಿಗಳಲ್ಲಿ ನಡೆದು ಹೋಗುವವರಿಗಿಂತ ನಿಧಾನವಾಗಿ ಅವರು ಹೋಗುತ್ತಿದ್ದರು. ನಾಲೆಗೆ ನೀರು ಬಿಡುವ ದಿನ, ದನಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು, ಕಂದಾಯ ಕಟ್ಟಲು ಕೊನೆಯ ದಿನಾಂಕ, ಆಷಾಢದ ಸೀರೆ ಮಾರಾಟ, ಊರಿನವರ ಪೌರಾಣಿಕ ನಾಟಕ, ಸಾವು. ಎಲ್ಲಕ್ಕೂ ಒಂದೇ ದನಿ. ಸೀರೆಗೆ ಹಿಗ್ಗಿದ್ದಿಲ್ಲ, ಸಾವಿಗೆ ಕುಗ್ಗಿದ್ದಿಲ್ಲ. ಏನೇ ಆದರೂ ಎರಡೆರಡು ಸಲ ಹೇಳುವುದು ಅವರ ಪದ್ಧತಿ. ಮೊದಲ ಸಲ ಜನ ದನಿ ಕೇಳುತ್ತಾರೆ, ಎರಡನೇ ಸಲ ಸುದ್ದಿ ಕೇಳುತ್ತಾರೆ ಎನ್ನುವುದು ಅವರ ಲೆಕ್ಕ.

ಸಾವಿನ ಸುದ್ದಿಯಾದರೆ ಹೆಂಗಸರು ಕೈಯಲ್ಲಿದ್ದ ಸೌಟಿನ ಸಮೇತ ಬಾಗಿಲಿಗೆ ಬರುತ್ತಿದ್ದರು. ಹೆಸರು ಸರಿಯಾಗಿ ಕೇಳಿಸದಿದ್ದರೆ ಆಟೊ ಹಿಂದೆ ನಾಲ್ಕು ಹೆಜ್ಜೆ ಓಡಿ, 'ಯಾರಪ್ಪ? ಎಸ್ರೇನು?' ಎಂದು ಕೂಗಿ ಕೇಳುವುದು ಎಲ್ಲ ಊರುಗಳಲ್ಲೂ ವಾಡಿಕೆ. ಸಾಬರು ಆಟೊ ನಿಲ್ಲಿಸಿ, ಆ ಒಬ್ಬಳು ಹೆಂಗಸಿಗೆ ಮೈಕಿನಲ್ಲೇ ಇನ್ನೊಮ್ಮೆ ಹೇಳಿ ಮುಂದೆ ಹೋಗುವರು.

ಈಚೆಗೆ ಆ ಕೆಲಸ ಮುಕ್ಕಾಲು ಪಾಲು ನಿಂತಿದೆ. ಸುದ್ದಿಯನ್ನು ಸ್ಟುಡಿಯೊದಲ್ಲಿ ಯಾರದೋ ದನಿಯಲ್ಲಿ ರೆಕಾರ್ಡು ಮಾಡಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ, ಯಾವ ಆಟೊದವನಾದರೂ ಬೀದಿ ಸುತ್ತಿ ಬರುತ್ತಾನೆ. ಸತ್ತವರ ಫೋಟೊ ಬೆಳಗಾಗುವುದರೊಳಗೆ ಎಲ್ಲರ ವಾಟ್ಸಾಪಿನಲ್ಲಿರುತ್ತದೆ. ಸಾಬರು ಹಾರನ್ನು ಬಿಚ್ಚಿ ಅಟ್ಟದ ಮೇಲಿಟ್ಟು, ಅದೇ ಆಟೊದಲ್ಲಿ ಸ್ಕೂಲು ಮಕ್ಕಳನ್ನು ಕರೆದೊಯ್ಯುತ್ತಿದ್ದಾರೆ. ಅವರ ಮನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ. ಮೈಕು ನಿಂತ ಮೇಲೆ ತನ್ನ ಗಂಡ ಮನೆಯಲ್ಲೂ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾನೆ, ಉಪ್ಪು ಕಮ್ಮಿ ಅಂತಲೂ ಎರಡು ಸಲ ಹೇಳಿಸಿಕೊಳ್ಳುವ ಕರ್ಮ ತನ್ನದು ಎಂದು ಅವರ ಹೆಂಡತಿ ಬಿಬಿ ಜಾನ್ ನನ್ನ ಹೆಂಡತಿಯ ಹತ್ತಿರ ದೂರು ಹೇಳಿದ್ದರು.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ವರ್ಷಕ್ಕೊಮ್ಮೆ ಹುಡುಗರೇ ಬರೆದ ಹೊಸ ನಾಟಕಗಳನ್ನು ಜನರ ಮುಂದೆ ಓದಿಸುವ ಹುಚ್ಚು ಹಚ್ಚಿಕೊಂಡಿದ್ದೇನೆ. ನಾಲ್ಕು ಕುರ್ಚಿ, ಕೈಯಲ್ಲಿ ಕಾಗದ, ಮುಂದೆ ಒಂದು ಮೈಕು. ವೇಷ ಇಲ್ಲ, ಪರದೆ ಇಲ್ಲ, ಬಾಯಿಪಾಠ ಇಲ್ಲ. ಇದು ನಮ್ಮ ಸೀಮೆಯಲ್ಲಿ ಸುಲಭಕ್ಕೆ ಇಳಿಯುವ ತುತ್ತಲ್ಲ. ಇಲ್ಲಿ ನಾಟಕ ಎಂದರೆ ಕಿರೀಟ ಇರಬೇಕು, ಗದೆ ಇರಬೇಕು, ಹಾರ್ಮೋನಿಯಂ ಮುಂದೆ ಒಬ್ಬ ಮೇಷ್ಟ್ರು ಕೂತಿರಬೇಕು. ಮೊದಲ ವರ್ಷ ಒಬ್ಬ ಹುಡುಗನ ತಂದೆ ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮಾತು ಕಲಿಯುವಷ್ಟು ಪುರುಸೊತ್ತು ಕೊಡದೆ ಮಕ್ಕಳನ್ನು ಸ್ಟೇಜು ಹತ್ತಿಸಿ ಮಾನ ಕಳೆದಿರಲ್ಲ ಎಂದು ಕೇಳಿದ್ದರು. ಇದು ಹೀಗೇ ಓದುವ ನಾಟಕ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಹೇಳಿ ಹೋದರು.

ಇಂಥ ಓದಿನಲ್ಲಿ ಒಂದು ತೊಡಕಿದೆ. ನಾಟಕದಲ್ಲಿ ಆವರಣದೊಳಗೆ ಬರೆದಿರುತ್ತಾರಲ್ಲ, ಅವನು ಬಾಗಿಲು ತೆಗೆಯುತ್ತಾನೆ, ಅವಳು ಕಿಟಕಿಯ ಹತ್ತಿರ ಹೋಗುತ್ತಾಳೆ ಎಂದು, ಆ ರಂಗಸೂಚನೆಯನ್ನೂ ಯಾರಾದರೂ ಓದಿ ಹೇಳಬೇಕು. ಹುಡುಗರಿಗೆಲ್ಲ ಪಾತ್ರವೇ ಬೇಕು. ಆವರಣದೊಳಗಿನ ಮಾತು ಯಾರಿಗೂ ಬೇಡ. ಹೋದ ವರ್ಷ ಬೇರೆ ದಾರಿಯಿಲ್ಲದೆ ಅದನ್ನು ನಾನೇ ಓದಿದೆ. ಚೆನ್ನಾಗಿ ಓದಿದೆ ಎಂದೇ ತಿಳಿದಿದ್ದೆ. ಕೆಳಗಿಳಿದಾಗ ನಾಟಕ ಬರೆದಿದ್ದ ಯತೀಶ್, ಮಳವಳ್ಳಿ ಕಡೆಯ ಹುಡುಗ, ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ.

"ಸಾ, 'ಅವನು ಅಳುತ್ತಾನೆ' ಅಂತ ಓದ್ವಾಗ ನೀವೇ ಅತ್ಬುಟ್ರಿ. ಆಮೇಕೆ ಅವ್ನು ಅಳಕ್ಕೆ ಏನ್ ಉಳೀತು ಸಾ?" ಎಂದ.

ಹುಡುಗ ಹೇಳಿದ್ದು ನಿಜ. ಆವರಣದೊಳಗಿನದನ್ನು ಓದುವವನು ಅಳಬಾರದು, ನಗಬಾರದು. ಇಂಥದ್ದು ಆಯಿತು ಎಂದು ಹೇಳಿ ಸುಮ್ಮನಾಗಬೇಕು. ಈ ವರ್ಷ ಅಂಥವರು ಯಾರು ಎಂದು ಯೋಚಿಸುವಾಗ ಹಿಂದಿನ ಬೀದಿಯಿಂದ ಖಾಸಿಂ ಸಾಬರು ಬಿಬಿ ಜಾನ್‌ಗೆ ಯಾವುದೋ ಮಾತನ್ನು ಎರಡನೇ ಸಲ ಹೇಳುವುದು ಕೇಳಿಸಿತು.

ಹೋಗಿ ಕೇಳಿದೆ. ಮೈಕು ಉಂಟೇ ಎಂದು ಕೇಳಿದರು. ಉಂಟು ಎಂದೆ. ಎಷ್ಟು ಸಲ ಹೇಳಬೇಕು ಎಂದು ಕೇಳಿದರು. ಒಂದೇ ಸಲ ಎಂದಾಗ ಸ್ವಲ್ಪ ಕುಂದಿದರು. ಆದರೂ ಮಾರನೆಯ ದಿನ ಸ್ಕೂಲು ಮಕ್ಕಳನ್ನು ಇಳಿಸಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ಕಾಲೇಜಿಗೆ ಬಂದರು.

ಈ ಸಲ ಓದಲು ಆರಿಸಿದ್ದು ಎರಡು ನಾಟಕ. ಒಂದು ಮತ್ತೆ ಯತೀಶನದು, ಬಸ್ಸಿನ ಸೀಟಿಗಾಗಿ ನಡೆಯುವ ಜಗಳ. ಇನ್ನೊಂದು ನಯನಳದು. ನಯನ ಕೊತ್ತತ್ತಿಯ ಹುಡುಗಿ, ಬಿ.ಎ. ಎರಡನೇ ವರ್ಷ. ಕ್ಲಾಸಿನಲ್ಲಿ ಬಾಯಿ ಬಿಡುವುದು ಕಮ್ಮಿ, ಬರೆಯಲು ಕೂತರೆ ಯಾರ ಮುಲಾಜೂ ಇಲ್ಲ. ಅವಳ ನಾಟಕದ ಹೆಸರು 'ಮೂಲೆ ಮಂಚ'. ಒಂದು ಮನೆಯ ಪಡಸಾಲೆ. ಅಪ್ಪ, ಅಮ್ಮ, ಮಗಳು ಮೂವರೂ ಅಲ್ಲೇ ಕೂತು ಹಾಲಿನ ಡೇರಿ, ನೆಂಟರ ಮದುವೆ, ಧಾರಾವಾಹಿ ಎಂದು ಮಾತಾಡುತ್ತಾರೆ. ಮೂಲೆಯ ಮಂಚದಲ್ಲಿ ಅಜ್ಜಿ ಮಲಗಿದ್ದಾಳೆ. ಅಜ್ಜಿಗೆ ಒಂದು ಮಾತೂ ಇಲ್ಲ. ಅಜ್ಜಿ ಕೆಮ್ಮುತ್ತಾಳೆ, ಅಜ್ಜಿ ಕಂಬಳಿ ಎಳೆದುಕೊಳ್ಳುತ್ತಾಳೆ ಎಂದು ಆವರಣದೊಳಗೆ ಮಾತ್ರ ಅವಳು ಇರುವುದು. ಅಂದರೆ ಓದುವಾಗ ಅಜ್ಜಿ ಬದುಕುವುದೂ ಸಾಯುವುದೂ ಖಾಸಿಂ ಸಾಬರ ಬಾಯಲ್ಲಿ. ಇದು ನನಗೆ ಅವರನ್ನು ಕರೆತರುವಾಗ ಹೊಳೆದಿರಲಿಲ್ಲ.

ಮೊದಲ ಅಭ್ಯಾಸದ ದಿನ ಸಾಬರು ಕನ್ನಡಕ ಏರಿಸಿಕೊಂಡು ಸಲೀಸಾಗಿ ಓದುತ್ತಾ ಬಂದರು. ಕೊನೆಯ ಪುಟದ ತುದಿಯಲ್ಲಿ ಮೂರು ಸಾಲಿತ್ತು. ಅಜ್ಜಿ ಸತ್ತಿದ್ದಾಳೆ. ಯಾರೂ ತಿರುಗಿ ನೋಡುವುದಿಲ್ಲ. ಟೀವಿ ನಡೆಯುತ್ತಿದೆ. ಅವರು ಮೊದಲ ಸಾಲಿನ ಹತ್ತಿರ ನಿಂತರು. ಕಾಗದ ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದರು.

"ಎಸ್ರು ಎಲ್ಲವ್ವ?" ಎಂದು ನಯನಳನ್ನು ಕೇಳಿದರು.

"ಎಸ್ರಿಲ್ಲ ತಾತ. ಅಜ್ಜಿ, ಅಷ್ಟೆ."

"ನಾನು ಎಸ್ರಿಲ್ದೆ ಸಾವು ಯೋಳೋನಲ್ಲ ಕಣವ್ವ."

ಹುಡುಗರು ನಕ್ಕರು. ಸಾಬರು ನಗಲಿಲ್ಲ. ಹನಕೆರೆಯ ಕತೆ ಹೇಳಿದರು. ಅವರು ಮೈಕು ಹಿಡಿದ ಹೊಸದರಲ್ಲಿ ಹನಕೆರೆಯಲ್ಲಿ ಇಬ್ಬರು ಸಿದ್ದರಾಮು ಇದ್ದರು, ಮೇಲಿನ ಬೀದಿಯವನೊಬ್ಬ, ಕೆಳಗಿನ ಬೀದಿಯವನೊಬ್ಬ. ಸತ್ತದ್ದು ಮೇಲಿನ ಬೀದಿಯವನು. ಸಾಬರು ತಂದೆಯ ಹೆಸರು ಹಿಡಿಯದೆ ಬರೀ ಸಿದ್ದರಾಮು ಎಂದು ಸಾರಿಬಿಟ್ಟರು. ಕೊಪ್ಪದಿಂದ ನೆಂಟರು ಹಾರ ಹಿಡಿದುಕೊಂಡು ಕೆಳಗಿನ ಬೀದಿಗೆ ಬಂದರೆ, ಸಿದ್ದರಾಮು ಜಗುಲಿಯ ಮೇಲೆ ಮುದ್ದೆ ಉಣ್ಣುತ್ತಾ ಕೂತಿದ್ದಾನೆ. ಬಂದದ್ದು ಬಂದಿರಿ, ಉಂಡುಕೊಂಡು ಹೋಗಿ ಎಂದು ಎಲ್ಲರಿಗೂ ಇಕ್ಕಿಸಿ, ಹಾರವನ್ನು ಹಸುವಿನ ಕೊಂಬಿಗೆ ಹಾಕಿದನಂತೆ. ಆಮೇಲೆ ಬಹಳ ವರ್ಷ ಬದುಕಿದ. ಸಾಬರ ಆಟೊ ಕಂಡಾಗಲೆಲ್ಲ ಅಡ್ಡ ನಿಂತು, ನನ್ನದು ಇನ್ಯಾವಾಗಪ್ಪ ಎಂದು ವಿಚಾರಿಸುತ್ತಿದ್ದ. ಕೊನೆಗೆ ನಿಜವಾಗಿ ಸತ್ತಾಗ ಸಾಬರು ತಂದೆ, ತಾತ, ಬೀದಿ ಎಲ್ಲವನ್ನೂ ಸೇರಿಸಿ ಸಾರಿದರು. ಅರ್ಧ ಊರು ನಂಬಲಿಲ್ಲ.

ನಯನಳೂ ಜಗ್ಗುವವಳಲ್ಲ. ಆ ಮನೆಯಲ್ಲಿ ಯಾರೂ ಅಜ್ಜಿಯನ್ನು ಹೆಸರಿನಿಂದ ಕರೆದೇ ಇಲ್ಲ, ನಾಟಕ ಇರುವುದೇ ಅದರ ಮೇಲೆ, ಹೆಸರಿಟ್ಟರೆ ನಾಟಕವೇ ಬಿದ್ದುಹೋಗುತ್ತದೆ ಎಂದಳು. ಅವಳು ಹೇಳಿದ್ದರಲ್ಲೂ ತಪ್ಪಿಲ್ಲ.

ಹುಡುಗರೆಲ್ಲ ಹೋದ ಮೇಲೆ ಅವಳು ನಮ್ಮಿಬ್ಬರ ಹತ್ತಿರ ಉಳಿದ ಮಾತನ್ನು ಹೇಳಿದಳು. ನಾಟಕದ ಮನೆ ಅವಳದೇ. ಅಜ್ಜಿ ತೀರಿಕೊಂಡದ್ದು ಅವಳು ಏಳನೇ ಕ್ಲಾಸಿನಲ್ಲಿದ್ದಾಗ, ಹೀಗೇ, ಟೀವಿ ನಡೆಯುವಾಗ. ಅವಳ ಅಪ್ಪ ಪುಟ್ಟರಾಜು ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಒಳ್ಳೆಯ ಮನುಷ್ಯ, ಸಿಟ್ಟು ಜಾಸ್ತಿ. ಹೋದ ವರ್ಷ ಕಾಲೇಜಿನ ಮ್ಯಾಗಜೀನಿನಲ್ಲಿ ಅವಳು ಬರೆದ ಒಂದು ಕತೆಯಲ್ಲಿ ಅತ್ತೆ ಸೊಸೆ ಜಗಳ ಬಂದಿತ್ತು. ಅದನ್ನು ಓದಿದ ಅಪ್ಪ, ಇನ್ನೊಂದು ಸಲ ಮನೆ ಮಾತನ್ನು ಬೀದಿಗೆ ತಂದರೆ ಕಾಲೇಜು ಬಿಡಿಸುತ್ತೇನೆ ಎಂದು ಹೇಳಿ, ಹೇಳಿದಂತೆ ಮಾಡುವ ಮುಖ ಮಾಡಿದ್ದರಂತೆ. ಈಗ ನಾಟಕದ ಓದಿಗೆ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ಮಗಳು ಏನು ಮಾಡುತ್ತಿದ್ದಾಳೆ ನೋಡಬೇಕಂತೆ. ಅಜ್ಜಿ ಎಂದಷ್ಟೇ ಇದ್ದರೆ ಯಾರ ಮನೆಯ ಅಜ್ಜಿಯಾದರೂ ಆದೀತು. ಹೆಸರು ಬಂದರೆ ಅವಳ ಓದು ಅಲ್ಲಿಗೆ ಮುಗಿಯಿತು.

ಸಾಬರು ಕನ್ನಡಕ ಒರೆಸಿ ಜೇಬಿಗಿಟ್ಟರು. ಬರೆದವಳು ನೀನು, ಬರೆದ ಹಾಗೆ ಓದುತ್ತೇನೆ ಎಂದರು. ಅವಳು ಬಸ್ಸಿಗೆ ಹೋದ ಮೇಲೆ ಆಟೊ ಸ್ಟಾರ್ಟು ಮಾಡದೆ ಕೂತು, ಇಂಥದ್ದನ್ನು ಹಿಂದೆ ಒಂದು ಸಲ ಸಾರಿದ್ದೆ ಎಂದು ನನಗೆ ಹೇಳಿದರು. ಒಬ್ಬ ಮಗ ಬಂದು ತಾಯಿ ಹೋದರು, ಸಾರಬೇಕು ಎಂದನಂತೆ. ತಾಯಿಯ ಹೆಸರೇನು ಎಂದು ಕೇಳಿದರೆ ಹಾರನ್ನನ್ನೇ ನೋಡುತ್ತಾ ನಿಂತ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಹೆಸರು ಹೇಳಿ, ಇಂಥವನ ತಾಯಿ ಎಂದರೆ ಎಲ್ಲರಿಗೂ ಗೊತ್ತಾಗುತ್ತೆ ಎಂದ. ದೊಡ್ಡಸ್ತಿಕೆಯ ಮನುಷ್ಯ ಎಂದುಕೊಂಡು ಸಾಬರು ಹಾಗೇ ಸಾರಿದರು. ಬೀದಿಯಲ್ಲಿ ಒಬ್ಬ ಹೆಂಗಸು ಹಿಂದೆ ಓಡಿ ಬಂದು ಹೆಸರೇನು ಎಂದು ಕೇಳಿದಾಗ, ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ, ಗೊತ್ತಿಲ್ಲ ಕಣವ್ವ ಎನ್ನಬೇಕಾಯಿತು. ಯಾವ ಊರು ಎಂದು ನಾನು ಕೇಳಿದೆ. ಒಬ್ಬರ ಮನೆಯ ವಿಷಯ, ಬಿಡಿ ಎಂದರು.

"ಅರ್ಧ ಯೋಳಿ ಬುಟ್ಟಂಗದೆ ಸಾ ಅದು. ಇನ್ನೂವೆ ಗಂಟ್ಲಲ್ಲೇ ಅದೆ," ಎಂದು ಆಟೊ ಸ್ಟಾರ್ಟು ಮಾಡಿದರು.

ಓದಿನ ದಿನ ಮಧ್ಯಾಹ್ನ ಕಾಲೇಜಿನ ಸಭಾಂಗಣ ಅಷ್ಟಿಷ್ಟು ತುಂಬಿತ್ತು. ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಹನಕೆರೆ ಕಡೆಯ ಕೆಲವು ಹೆಂಗಸರು. ಕಾಲೇಜಿನಲ್ಲಿ ಕಸ ಗುಡಿಸಿ, ಕಾರ್ಯಕ್ರಮಗಳಿಗೆ ಕಾಫಿ ಕಾಯಿಸುವ ಮಂಗಳಮ್ಮನೂ ಹನಕೆರೆಯವಳೇ, ದಿನಾ ರೈಲಿನಲ್ಲಿ ಬಂದು ಹೋಗುವವಳು. ಬಾಗಿಲ ಪಕ್ಕದ ಸಾಲಿನಲ್ಲಿ ಬಿಳಿ ಶರಟು ಹಾಕಿದ ಒಬ್ಬರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವರೇ ಅಪ್ಪ ಎಂದು ನಯನ ಕಣ್ಣಿನಲ್ಲೇ ತೋರಿಸಿದಳು.

ಯತೀಶನ ಬಸ್ಸಿನ ಜಗಳಕ್ಕೆ ಜನ ಚೆನ್ನಾಗಿ ನಕ್ಕರು. ಖಾಸಿಂ ಸಾಬರು 'ಕಂಡಕ್ಟರು ಸೀಟಿ ಊದುತ್ತಾನೆ' ಎಂದು ನೀರು ಬಿಡುವ ಸುದ್ದಿಯ ದನಿಯಲ್ಲಿ ಹೇಳಿದಾಗಲಂತೂ ಅವರು ನಿಲ್ಲಿಸಿ ಕಾಯಬೇಕಾಯಿತು. ಅವರಿಗೂ ಖುಷಿಯಾದ ಹಾಗೆ ಕಂಡಿತು. ಬಹಳ ದಿನದ ಮೇಲೆ ಕೈಗೆ ಮೈಕು ಬಂದಿತ್ತು.

ಆಮೇಲೆ 'ಮೂಲೆ ಮಂಚ'. ಮೂವರು ವಿದ್ಯಾರ್ಥಿಗಳು ಅಪ್ಪ, ಅಮ್ಮ, ಮಗಳಾಗಿ ಓದಲು ಕೂತರು. ಪಕ್ಕದಲ್ಲಿ ಸಾಬರು. ಅವರ ಹಿಂದೆ ನಯನ. ಮೊದಮೊದಲು ಜನ ಇಲ್ಲೂ ನಕ್ಕರು. ಡೇರಿಯ ಹಾಲಿಗೆ ನೀರು ಹಾಕುವವರ ಮೇಲೆ ಅಪ್ಪ ಕೂಗಾಡುವ ಮಾತು ಬಂದಾಗ ಬಾಗಿಲ ಪಕ್ಕದ ಪುಟ್ಟರಾಜು ಕುರ್ಚಿಯಲ್ಲಿ ಸರಿದು ಕೂತರು. ಮಗಳು ಅಪ್ಪನಿಗೆ ಏನೋ ಹೇಳಹೋಗಿ ಸುಮ್ಮನಾಗುವ ಕಡೆ, ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದರು. ನಾನು ಓದಿಗಿಂತ ಹೆಚ್ಚಾಗಿ ಆ ಪಟ್ಟಿಯನ್ನೇ ನೋಡುತ್ತಿದ್ದೆ.

"ಅಜ್ಜಿ ನೀರು ಕೇಳುತ್ತಾಳೆ," ಎಂದು ಸಾಬರು ಓದಿದರು. ವಿದ್ಯಾರ್ಥಿಗಳು ಧಾರಾವಾಹಿಯ ಮಾತು ಮುಂದುವರಿಸುವುದರೊಳಗೆ ಹಳೆಯ ಅಭ್ಯಾಸ ನಾಲಿಗೆ ಎಳೆಯಿತು. "ಅಜ್ಜಿ ನೀರು ಕೇಳುತ್ತಾಳೆ."

ನಯನ ಕಣ್ಣು ಮುಚ್ಚಿಕೊಂಡಳು. ಕೆಳಗೆ ಯಾರೂ ನಗಲಿಲ್ಲ. ಅಪ್ಪನ ಪಾತ್ರದ ಹುಡುಗ ಒಂದು ಗಳಿಗೆ ತಡವರಿಸಿ ತನ್ನ ಮಾತಿಗೆ ಹೋದ. ಪುಟ್ಟರಾಜು ಈಗ ಪಟ್ಟಿ ಸುತ್ತುವುದನ್ನು ಬಿಟ್ಟು ಖಾಸಿಂ ಸಾಬರನ್ನೇ ನೋಡುತ್ತಿದ್ದರು. ನನಗೆ ಭಯವಾಯಿತು. ಇವರು ಈಗ ಎದ್ದು ಮಗಳ ಕೈ ಹಿಡಿದು ಹೊರಟರೆ ತಡೆಯುವವರು ಯಾರು?

ಕೊನೆಯ ಪುಟ ಬಂತು. ಧಾರಾವಾಹಿ ಚೆನ್ನಾಗಿದೆ ಎಂದು ಅಮ್ಮ ಹೇಳುತ್ತಾಳೆ, ಮಗಳು ಹೂಂ ಎನ್ನುತ್ತಾಳೆ. ಸಾಬರು ಮೈಕಿನ ಹತ್ತಿರ ಸರಿದರು.

"ಅಜ್ಜಿ ಸತ್ತಿದ್ದಾಳೆ."

ಹೇಳಿದ್ದು ಬರೆದಂತೆಯೇ. ಆದರೆ ಮೂವತ್ತು ವರ್ಷ ಸಾವಿನ ಹಿಂದೆಯೇ ಹೆಸರು ಹೇಳಿ ಪಳಗಿದ ದನಿ ಅದು. ಸಾಲು ಮುಗಿದರೂ ಮುಗಿದ ಹಾಗೆ ಕೇಳಿಸಲಿಲ್ಲ. ಸಭೆಯಲ್ಲಿದ್ದ ಹಳ್ಳಿಯ ಹೆಂಗಸರೆಲ್ಲ ಕತ್ತು ಮುಂದೆ ಚಾಚಿ ಕಾದರು. ಆ ದನಿ ಸಾವು ಸಾರಿದರೆ ಮುಂದೇನು ಬರಬೇಕೆಂದು ಅವರಿಗೆ ಗೊತ್ತು. ಅದು ಬರಲಿಲ್ಲ. ಹಿಂದಿನ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಮಂಗಳಮ್ಮ ಇದು ನಾಟಕ ಎನ್ನುವುದನ್ನೇ ಮರೆತು ಕೇಳಿಬಿಟ್ಟಳು.

"ಯಾರಪ್ಪ? ಎಸ್ರೇನು?"

ಸಾಬರು ತಲೆಯೆತ್ತಿದರು. ಮಂಗಳಮ್ಮನನ್ನು ನೋಡಿದರು, ಕಾಗದ ನೋಡಿದರು, ಹಿಂದೆ ತಿರುಗಿ ನಯನಳನ್ನು ನೋಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಕೇಳಿದವರಿಗೆ ಉತ್ತರ ಹೇಳದೆ ಮುಂದೆ ಹೋಗಿ ಅವರಿಗೆ ಗೊತ್ತಿಲ್ಲ.

"ಗೊತ್ತಿಲ್ಲ ಕಣವ್ವ," ಎಂದರು ಮೈಕಿನಲ್ಲಿ.

ಬಾಗಿಲ ಪಕ್ಕ ಹೆಲ್ಮೆಟ್ಟು ನೆಲಕ್ಕೆ ಬಿದ್ದ ಸದ್ದಾಯಿತು. ಪುಟ್ಟರಾಜು ಎದ್ದು ನಿಂತಿದ್ದರು.

"ಬೆಳ್ಳಮ್ಮ," ಎಂದರು. ದನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಿದರು. "ಬೆಳ್ಳಮ್ಮ ಅಂತ ಸಾಬ್ರೇ ನಮ್ಮವ್ವನ ಎಸ್ರು. ಆವತ್ತು ನೀವು ಕೇಳುದ್ರಿ. ನಂಗೆ ಗ್ಯಾನ ಬರ್ನಿಲ್ಲ. ಉಟ್ದಾಗಿಂದ ಅವ್ವ ಅಂತ್ಲೇ ಕರುದ್ದು. ಎಸ್ರು ಮರ್ತೋಗದೆ ಅನ್ನಕ್ಕೆ ನಾಚ್ಕೆ ಆಗಿ ನನ್ನೆಸ್ರು ಯೋಳಿ ಅಂದ್ಬುಟ್ಟೆ. ತಿಥಿ ಕಾರ್ಡು ಮಾಡ್ಸುವಾಗ ನಮ್ ಸೋದರಮಾವನ್ನ ಕೇಳಿ ತಿಳ್ಕಂಡೆ."

ನಯನ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಸಾಬರು ಆಟೊದಲ್ಲಿ ಕೂತು ನನಗೆ ಹೇಳಿದ ಮಗ ಇವರೇ. ಸಾಬರು ದೊಡ್ಡಸ್ತಿಕೆ ಎಂದುಕೊಂಡದ್ದು ನಾಚಿಕೆ. ಮನೆ ಮಾತನ್ನು ಬೀದಿಗೆ ತಂದರೆ ಕಾಲೇಜು ಬಿಡಿಸುತ್ತೇನೆ ಎಂದವರು, ಮಗಳು ಬರೆಯಲು ಹೆದರಿ ಬಿಟ್ಟದ್ದನ್ನೇ ತುಂಬಿದ ಸಭೆಯಲ್ಲಿ ನಿಂತು ಹೇಳಿದ್ದರು. ಹೋದ ವರ್ಷದಂತೆ ಈ ವರ್ಷವೂ ನಾನೇ ಓದುತ್ತಿದ್ದರೆ ಅಲ್ಲೇ ಅಳುತ್ತಿದ್ದೆ.

ಸಾಬರು ಅಳಲಿಲ್ಲ. ಅವರಿಗೆ ಇನ್ನೂ ಒಂದು ವಿಷಯ ಬೇಕಿತ್ತು.

"ಯಜಮಾನ್ರ ಎಸ್ರು?" ಎಂದು ಕೇಳಿದರು.

"ಮಾದಯ್ಯ."

ಸಾಬರು ಕಾಗದವನ್ನು ಮಡಿಲಲ್ಲಿಟ್ಟು, ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿ ಕೈಗೆ ತೆಗೆದುಕೊಂಡರು. ಆಟೊದಲ್ಲಿ ಹಿಡಿಯುತ್ತಿದ್ದ ಹಾಗೆಯೇ ಹಿಡಿದರು.

"ಮಹಾಜನಗಳಿಗೆ ತಿಳಿಸುವುದೇನೆಂದರೆ, ಕೊತ್ತತ್ತಿ ಗ್ರಾಮದ ದಿವಂಗತ ಮಾದಯ್ಯನವರ ಧರ್ಮಪತ್ನಿ, ಪುಟ್ಟರಾಜು ಅವರ ತಾಯಿ, ನಯನ ಅವರ ಅಜ್ಜಿ, ಬೆಳ್ಳಮ್ಮನವರು ದೈವಾಧೀನರಾಗಿದ್ದಾರೆ."

ಸೀರೆ ಮಾರಾಟದ ದನಿ, ನಾಲೆ ನೀರಿನ ದನಿ. ಎರಡನೇ ಸಲವೂ ಅಕ್ಷರ ವ್ಯತ್ಯಾಸವಿಲ್ಲದೆ ಹೇಳಿದರು. ಮಂಗಳಮ್ಮ ಕಾಫಿ ತಟ್ಟೆಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಭೆಯಲ್ಲಿದ್ದವರೆಲ್ಲ ಕುರ್ಚಿಯಲ್ಲೇ ತಿರುಗಿ ಬಾಗಿಲ ಕಡೆ ನೋಡುತ್ತಿದ್ದರು. ಪುಟ್ಟರಾಜು ಕೂರಲಿಲ್ಲ. ಸಾವಿನ ಮನೆಯ ಮುಂದೆ ಮಗನಾದವನು ನಿಲ್ಲುವ ಹಾಗೆ ಕೈಕಟ್ಟಿ ನಿಂತೇ ಇದ್ದರು.

ಸಾಬರು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮತ್ತೆ ಕಾಗದ ಎತ್ತಿಕೊಂಡರು. ಬರೆದ ಹಾಗೆ ಓದುತ್ತೇನೆಂದು ಹುಡುಗಿಗೆ ಮಾತು ಕೊಟ್ಟಿದ್ದರಲ್ಲ. ಮೈಕಿಗೆ ಅಂಗೈ ಅಡ್ಡ ಹಿಡಿದು ಹಿಂದೆ ತಿರುಗಿದರು.

"ಇನ್ನೂ ಎರಡು ಸಾಲು ಅದೆ ಕಣವ್ವ. ಯಾರೂ ತಿರುಗಿ ನೋಡುವುದಿಲ್ಲ ಅಂತ. ಓದ್ಲಾ?"

ನಯನ ಸಭೆಯನ್ನೊಮ್ಮೆ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಬ್ಯಾಡ ಬುಡಿ ತಾತ," ಎಂದಳು. "ಎಲ್ರೂ ನೋಡ್ತಾವ್ರೆ."